ಅರೌನನ ಕಣದ ಬೆಲೆ 50 ಬೆಳ್ಳಿಯೋ, 600 ಚಿನ್ನವೋ? ಸಮುವೇಲ-ಅರಸುಗಳ ಪಕ್ಕದಲ್ಲಿಟ್ಟು ಪೂರ್ವಕಾಲವೃತ್ತಾಂತ ಓದುವ ಬಗೆ

ಅಂಚುಬರಹ

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಒಂದೇ ಸಂಗತಿ ಎರಡು ಕಡೆ ಬಂದಾಗ ಚರ್ಚೆ ಬೇಗ ಹಳಿ ತಪ್ಪುತ್ತದೆ. ಒಬ್ಬರು ಹೇಗಾದರೂ ಮಾಡಿ ಎರಡನ್ನೂ ಹೊಂದಿಸಲು ಹೊರಡುತ್ತಾರೆ, ಇನ್ನೊಬ್ಬರು "ಸುಳ್ಳು ಸಿಕ್ಕಿಬಿತ್ತು" ಅಂತ ಎದ್ದು ಹೋಗುತ್ತಾರೆ. ಎರಡನ್ನೂ ಸಾಲಿಗೆ ಸಾಲು ಜೋಡಿಸಿ ನೋಡಿದವರು ಕಡಿಮೆ. ಹಾಗಾಗಿ ಈ ಎಳೆಯಲ್ಲಿ ಒಂದು ಘಟನೆಯನ್ನು ಹಿಡಿದು ಶುರು ಮಾಡೋಣ: ಇಸ್ರಾಯೇಲಿನ ಅರಸ ದಾವೀದ ನಡೆಸಿದ ಜನಗಣತಿ. 2 ಸಮುವೇಲ 24 ಒಂದು ಕಡೆ, 1 ಪೂರ್ವಕಾಲವೃತ್ತಾಂತ 21 ಇನ್ನೊಂದು ಕಡೆ. (ಮುಂದೆ ಪೂ.ವೃ. ಅಂತ ಬರೆಯುತ್ತೇನೆ, ಬರೆದವನನ್ನು ವೃತ್ತಾಂತಕಾರ ಅನ್ನುತ್ತೇನೆ. ಹೆಸರು ಗೊತ್ತಿಲ್ಲದವನು, ಕ್ರಿ.ಪೂ. 4ನೇ ಶತಮಾನದ ಯೆಹೂದದವನು ಎಂಬುದು ಹೆಚ್ಚಿನವರ ಅಭಿಪ್ರಾಯ.)

ಸಮುವೇಲದಲ್ಲಿ ದಾವೀದನನ್ನು ಗಣತಿಗೆ ಪ್ರೇರಿಸುವವನು ಯೆಹೋವನೇ, ಇಸ್ರಾಯೇಲಿನ ಮೇಲಿನ ಕೋಪದಿಂದ. ಪೂ.ವೃ.ದಲ್ಲಿ ಸೈತಾನ. ದಾವೀದನ ಸೇನಾಪತಿ ಯೋವಾಬ 9 ತಿಂಗಳು 20 ದಿನ ದೇಶ ಸುತ್ತಿ ತಂದ ಲೆಕ್ಕ ಸಮುವೇಲದಲ್ಲಿ ಇಸ್ರಾಯೇಲ್ 8 ಲಕ್ಷ, ಯೆಹೂದ 5 ಲಕ್ಷ. ಪೂ.ವೃ.ದಲ್ಲಿ 11 ಲಕ್ಷ ಮತ್ತು 4 ಲಕ್ಷ 70 ಸಾವಿರ, ಅದೂ ಲೇವಿ ಮತ್ತು ಬೆನ್ಯಾಮೀನ್ ಕುಲಗಳನ್ನು ಬಿಟ್ಟು. ಗಣತಿಗೆ ಶಿಕ್ಷೆಯಾಗಿ ದಾವೀದನ ಮುಂದಿಟ್ಟ ಆಯ್ಕೆಗಳಲ್ಲಿ ಬರಗಾಲ ಅಲ್ಲಿ 7 ವರ್ಷ, ಇಲ್ಲಿ 3. ವ್ಯಾಧಿಗೆ ಸತ್ತವರು ಎರಡರಲ್ಲೂ 70 ಸಾವಿರ. ಕೊನೆಗೆ ದಾವೀದ ಯೆಬೂಸಿಯನ ಕಣ ಕೊಳ್ಳುತ್ತಾನೆ. ಸಮುವೇಲದಲ್ಲಿ ಎತ್ತುಗಳೂ ಸೇರಿ 50 ಶೆಕೆಲ್ (ಆ ಕಾಲದ ತೂಕದ ಅಳತೆ) ಬೆಳ್ಳಿ, ಪೂ.ವೃ.ದಲ್ಲಿ ಆ ಸ್ಥಳಕ್ಕೆ 600 ಶೆಕೆಲ್ ಚಿನ್ನ. ಕಣದ ಯಜಮಾನನ ಹೆಸರು ಕೂಡ ಅಲ್ಲಿ ಅರೌನ, ಇಲ್ಲಿ ಒರ್ನಾನ.

ಇಷ್ಟರಲ್ಲಿ ಯಾವುದು ದೇವತಾಶಾಸ್ತ್ರ, ಯಾವುದು ಬರೀ ಪಾಠಭೇದ, ಅಂದರೆ ಪ್ರತಿಯಿಂದ ಪ್ರತಿಗೆ ಬಂದ ವ್ಯತ್ಯಾಸ? ನನ್ನ ಪ್ರಕಾರ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುವುದೇ ಮೊದಲ ತಪ್ಪು.

ಪ್ರತಿಭೇದ

ಆ ತಪ್ಪಿಗೆ ಒಂದು ಖಚಿತ ಕಾರಣವಿದೆ. ನಮ್ಮ ಕೈಯಲ್ಲಿರುವ ಅನುವಾದಗಳು ಮುಖ್ಯವಾಗಿ ಮಸೊರೆಟಿಕ್ ಹೀಬ್ರೂ ಪಾಠವನ್ನು (ಯೆಹೂದಿ ಪಂಡಿತರು ಕಾಪಾಡಿಕೊಂಡು ಬಂದ ಪ್ರಮಾಣಿತ ಪಾಠ) ಅನುಸರಿಸುತ್ತವೆ. ಹಾಗಾಗಿ ನಾವು ಮಸೊರೆಟಿಕ್ ಸಮುವೇಲವನ್ನು ಮಸೊರೆಟಿಕ್ ಪೂ.ವೃ.ದ ಜೊತೆ ಹೋಲಿಸಿ, ಕಂಡ ವ್ಯತ್ಯಾಸವನ್ನೆಲ್ಲ ವೃತ್ತಾಂತಕಾರನ ತಲೆಗೆ ಕಟ್ಟುತ್ತೇವೆ. ಅವನ ಮೇಜಿನ ಮೇಲಿದ್ದ ಸಮುವೇಲ ಮಸೊರೆಟಿಕ್ ಸಮುವೇಲ ಅಲ್ಲ.

ಮೃತ ಸಮುದ್ರದ ಬಳಿ ಹಳೆಯ ಸುರುಳಿಗಳು ಸಿಕ್ಕ ಕುಮ್ರಾನ್‌ನ 4ನೇ ಗುಹೆ ಪತ್ತೆಯಾದದ್ದು 1952ರಲ್ಲಿ. ಅಲ್ಲಿ ಸಿಕ್ಕ ಸಮುವೇಲನ ಹಸ್ತಪ್ರತಿಯೊಂದರಲ್ಲಿ 24ನೇ ಅಧ್ಯಾಯದ ತುಣುಕುಗಳಿವೆ. ದೂತನು ಭೂಮಿಗೂ ಆಕಾಶಕ್ಕೂ ನಡುವೆ ಕತ್ತಿ ಹಿರಿದು ನಿಂತಿದ್ದು, ಹಿರಿಯರು ಗೋಣೀತಟ್ಟು ಹೊದ್ದು ಬೋರಲು ಬಿದ್ದದ್ದು, ಕಣದಲ್ಲಿ ಗೋದಿ ತುಳಿಸುತ್ತಿದ್ದದ್ದು, ಇವೆಲ್ಲ ಅಲ್ಲಿವೆ. ಮಸೊರೆಟಿಕ್ ಸಮುವೇಲದಲ್ಲಿ ಇಲ್ಲ, ಪೂ.ವೃ.ದಲ್ಲಿ ಇವೆ. ಆ ದೂತನ ಚಿತ್ರವನ್ನು ಹಿಡಿದು "ನೋಡಿ, ತಡವಾದ ಕಾಲದ ದೇವದೂತ ಸಿದ್ಧಾಂತ ಹೇಗೆ ನುಸುಳಿದೆ" ಎಂದು ಬರೆದವರಿದ್ದರು. ಸುರುಳಿ ಹೊರಬಂದ ಮೇಲೆ ಆ ವಾದಕ್ಕೆ ನೆಲ ಇಲ್ಲ. ವೃತ್ತಾಂತಕಾರ ತನ್ನ ಮುಂದಿದ್ದ ಸಮುವೇಲದಿಂದ ಅದನ್ನು ಇಳಿಸಿಕೊಂಡಿದ್ದಾನೆ, ಅಷ್ಟೆ.

ಬರಗಾಲದ 7 ಮತ್ತು 3 ಕೂಡ ಇದೇ ಜಾತಿ. ಸಮುವೇಲನ ಗ್ರೀಕ್ ಅನುವಾದದಲ್ಲಿ 3 ಅಂತಲೇ ಇದೆ. ಮೂರು ವರ್ಷ, ಮೂರು ತಿಂಗಳು, ಮೂರು ದಿನ ಅನ್ನುವ ಸರಣಿಗೂ ಅದೇ ಒಪ್ಪುತ್ತದೆ. ಇದನ್ನು ಪಟ್ಟಿಯಿಂದ ತೆಗೆದುಬಿಡಿ.

ಹೊಸಓದು

ಒಪ್ಪಿದೆ. ಆದರೆ ಬೆಲೆ? 50 ಬೆಳ್ಳಿ 600 ಚಿನ್ನ ಆಗುವುದು ಲಿಪಿಕಾರನ ಕೈತಪ್ಪು ಅಂತ ನಂಬಲು ಕಷ್ಟ.

ಮಸಿಕುಡಿಕೆ

ಕೈತಪ್ಪಲ್ಲ. ಇದು ಉದ್ದೇಶಪೂರ್ವಕ, ಮತ್ತು ಅದಕ್ಕೆ ಗುರುತುಗಳನ್ನು ಅವನೇ ಬಿಟ್ಟಿದ್ದಾನೆ.

ಪೂ.ವೃ. 21:22 ಮತ್ತು 24ರಲ್ಲಿ ದಾವೀದ "ಪೂರ್ಣ ಬೆಲೆಗೆ" ಕೊಡು, ಕೊಳ್ಳುತ್ತೇನೆ ಅನ್ನುತ್ತಾನೆ. ಹೀಬ್ರೂದಲ್ಲಿ "ಕೆಸೆಫ್ ಮಾಲೇ". ಅಬ್ರಹಾಮ ಹೆಂಡತಿ ಸಾರಳ ಸಮಾಧಿಗೆ ಮಕ್ಪೇಲದ ಗವಿಯನ್ನು ಕೇಳುವಾಗ ಆದಿಕಾಂಡ 23:9ರಲ್ಲಿ ಆಡುವ ಮಾತೂ ಇದೇ. ಸಮುವೇಲದ ಕಥೆಯಲ್ಲಿ ಈ ನುಡಿ ಇಲ್ಲ. ಎರಡೂ ಕಡೆ ಕೊಳ್ಳುವವನು ಪರಕುಲದವನ ಎದುರು ನಿಂತಿದ್ದಾನೆ, ಮಾರುವವನು "ಸುಮ್ಮನೆ ತಗೋ" ಅನ್ನುತ್ತಾನೆ, ಕೊಳ್ಳುವವನು ಒಪ್ಪುವುದಿಲ್ಲ. ಅಬ್ರಹಾಮ 400 ಶೆಕೆಲ್ ಬೆಳ್ಳಿ ತೂಗಿ ಕೊಟ್ಟ. ಗವಿಗೇ 400 ಬೆಳ್ಳಿಯಾದರೆ ದೇವಾಲಯದ ನೆಲಕ್ಕೆ 50 ಎಷ್ಟರದ್ದು? 600 ಚಿನ್ನ ಬರುವುದು ಈ ತಕ್ಕಡಿಯಲ್ಲಿ.

ತಾಲ್ಮುದಿನ (ಯೆಹೂದಿ ಧರ್ಮಚರ್ಚೆಗಳ ಸಂಗ್ರಹ) ರಬ್ಬಿಗಳು ಎರಡು ಅಂಕಿಗಳನ್ನು ಬೇರೆ ರೀತಿ ಕೂಡಿಸಿದರು: ಒಂದೊಂದು ಕುಲದಿಂದ 50ರಂತೆ 12 ಕುಲ, ಒಟ್ಟು 600. ಗಣಿತ ಸೊಗಸಾಗಿದೆ, ಆದರೆ ಬೆಳ್ಳಿ ಚಿನ್ನವಾದದ್ದಕ್ಕೆ ಇನ್ನೊಂದು ವಿವರಣೆ ಬೇಕಾಗುತ್ತದೆ. ಒಂದು ಮಾತ್ರ ನಿಜ. ಆ ನೆಲ ಎಲ್ಲ ಕುಲಗಳಿಗೂ ಸೇರಿದ್ದು ಎಂಬ ಆಸೆಯನ್ನು ಅವರು ಸರಿಯಾಗಿಯೇ ಮೂಸಿದ್ದರು.

ಇನ್ನು ಬೆಂಕಿ. 21:26ರಲ್ಲಿ ದಾವೀದನ ಬಲಿಪೀಠಕ್ಕೆ ಆಕಾಶದಿಂದ ಬೆಂಕಿ ಇಳಿಯುತ್ತದೆ, ಸಮುವೇಲದಲ್ಲಿ ಇಲ್ಲ. ಯಾಜಕಕಾಂಡ 9:24ರಲ್ಲಿ ಮೋಶೆಯ ಗುಡಾರದ ಬಲಿಪೀಠಕ್ಕೆ ಬೆಂಕಿ ಬಂದಿತ್ತು. 2 ಪೂ.ವೃ. 7:1ರಲ್ಲಿ ಸೊಲೊಮೋನನ ದೇವಾಲಯಕ್ಕೂ ಬರುತ್ತದೆ, ಅದೂ ಅರಸುಗಳು ಪುಸ್ತಕದಲ್ಲಿಲ್ಲದ ಸೇರ್ಪಡೆ. ಗುಡಾರ, ಕಣ, ದೇವಾಲಯ, ಮೂರಕ್ಕೂ ಒಂದೇ ಮೊಹರು. ಅದಾದ ಮೇಲೆ 22:1ರಲ್ಲಿ ದಾವೀದನ ಬಾಯಲ್ಲೇ "ಇದೇ ದೇವರ ಆಲಯ" ಅನ್ನಿಸುತ್ತಾನೆ. ಸಮುವೇಲದಲ್ಲಿ ಈ ಗಣತಿ ಪುಸ್ತಕದ ಕೊನೆಯ ಅನುಬಂಧದಲ್ಲಿ ಬಿದ್ದಿರುವ ಒಂದು ಕಥೆ, ಕಣದಲ್ಲಿ ದೇವಾಲಯ ಬರುತ್ತದೆ ಎಂಬ ಸುಳಿವೇ ಅಲ್ಲಿಲ್ಲ. ವೃತ್ತಾಂತಕಾರ ಅದನ್ನು ಎತ್ತಿ ತಂದು ದೇವಾಲಯದ ತಯಾರಿಯ ಹೊಸ್ತಿಲಲ್ಲಿ ಇಡುತ್ತಾನೆ. 2 ಪೂ.ವೃ. 3:1ರಲ್ಲಿ ಆ ಜಾಗಕ್ಕೆ "ಮೋರೀಯ ಬೆಟ್ಟ" ಅಂತ ಹೆಸರು. ಇಡೀ ಹೀಬ್ರೂ ಬೈಬಲಿನಲ್ಲಿ ಮೋರೀಯ ಎಂಬ ಹೆಸರು ಇದು ಬಿಟ್ಟರೆ ಬರುವುದು ಒಂದೇ ಕಡೆ, ಇಸಾಕನ ಬಲಿಯ ಕಥೆಯಲ್ಲಿ, ಆದಿಕಾಂಡ 22:2.

ಪ್ರತಿಭೇದ

ಸೈತಾನನ ವಿಷಯದಲ್ಲಿ ಕನ್ನಡ ಓದುಗರಿಗೆ ಒಂದು ವಿಶೇಷ ತೊಡಕಿದೆ. ಯೋಬ 1-2 ಮತ್ತು ಜೆಕರ್ಯ 3ರಲ್ಲಿ ಹೀಬ್ರೂ "ಹಸ್ಸಾತಾನ್", ಪದದ ಮೊದಲಲ್ಲಿ "ಹ" ಎಂಬ ನಿರ್ದೇಶಕ (ಇಂಗ್ಲಿಷಿನ the ಹಾಗೆ) ಇದೆ. ಅದು ಹೆಸರಲ್ಲ, ಹುದ್ದೆ: ದೇವರ ಸಭೆಯಲ್ಲಿ ಆಪಾದನೆ ಹೊರಿಸುವವನು. 1 ಪೂ.ವೃ. 21:1ರಲ್ಲಿ ಆ "ಹ" ಇಲ್ಲ, ಬರೀ "ಸಾತಾನ್". ಇದು ಹೆಸರಾಗಿ ನಿಂತಿದೆ ಅಂತ ಕೆಲವರು, "ಒಬ್ಬ ವೈರಿ" ಅಂತಷ್ಟೇ ಅರ್ಥ ಅಂತ ಇನ್ನು ಕೆಲವರು. ಕನ್ನಡದಲ್ಲಿ ಇಂಥ ನಿರ್ದೇಶಕ ಇಲ್ಲದ್ದರಿಂದ ಎರಡೂ "ಸೈತಾನ"ವೇ ಆಗಿ, ಜಗಳ ಇರುವುದೇ ಓದುಗನಿಗೆ ಕಾಣುವುದಿಲ್ಲ.

ಯಾವ ಅರ್ಥ ಹಿಡಿದರೂ ದಿಕ್ಕು ಒಂದೇ. ದೇವರೇ ಪ್ರೇರಿಸಿ ದೇವರೇ ದಂಡಿಸುವ ಇಕ್ಕಟ್ಟಿನಿಂದ ಕಥೆ ಹೊರಬಂದಿದೆ. ಇದೇ ಕೆಲಸವನ್ನು ಎರಡು ಶತಮಾನ ಆದಮೇಲೆ ಯೋಬೆಲ್‌ಗಳ ಪುಸ್ತಕ (ಆದಿಕಾಂಡದ ಕಥೆಗಳನ್ನು ಮತ್ತೆ ಹೇಳುವ ಯೆಹೂದಿ ಗ್ರಂಥ) ಇನ್ನೂ ಧಾರಾಳವಾಗಿ ಮಾಡುತ್ತದೆ. ಅಬ್ರಹಾಮನನ್ನು ಪರೀಕ್ಷಿಸುವಂತೆ ದೇವರ ಮುಂದೆ ಎತ್ತಿಕೊಡುವವನು ಅಲ್ಲಿ ಮಸ್ತೇಮ ಎಂಬ ದುರಾತ್ಮಗಳ ಒಡೆಯ.

ಕಣದರಾಶಿ

ಅದೆಲ್ಲ ಸರಿ. ಆದರೆ ದಾವೀದನ ವಿಷಯಕ್ಕೆ ಬಂದರೆ ವೃತ್ತಾಂತಕಾರ ಸುಣ್ಣ ಬಳಿಯುತ್ತಾನೆ ಅನ್ನುವ ದೂರು ಪೂರ್ತಿ ಸುಳ್ಳಲ್ಲ. ಒಂದು ಹೊಲಿಗೆ ತೋರಿಸುತ್ತೇನೆ. 1 ಪೂ.ವೃ. 20:1-3 ತೆಗೆಯಿರಿ.

ಸಾಲು ಹೀಗೆ ಹೋಗುತ್ತದೆ. ಅರಸರು ಯುದ್ಧಕ್ಕೆ ಹೊರಡುವ ಕಾಲ. ಯೋವಾಬ ಸೈನ್ಯ ಕರೆದುಕೊಂಡು ಅಮ್ಮೋನಿಯರ ರಬ್ಬಕ್ಕೆ ಮುತ್ತಿಗೆ ಹಾಕಿದ. ದಾವೀದ ಯೆರೂಸಲೇಮಿನಲ್ಲೇ ಉಳಿದ. ಯೋವಾಬ ರಬ್ಬವನ್ನು ಹೊಡೆದು ಕೆಡವಿದ. ಮುಂದಿನ ವಾಕ್ಯ: ದಾವೀದ ಅವರ ಅರಸನ ತಲೆಯಿಂದ ಕಿರೀಟ ತೆಗೆದ, ತೂಕ ಒಂದು ತಲಾಂತು ಚಿನ್ನ. ಮೂರನೇ ವಚನದ ಕೊನೆಗೆ ದಾವೀದ ಜನರೆಲ್ಲರ ಸಂಗಡ ಯೆರೂಸಲೇಮಿಗೆ ಹಿಂದಿರುಗಿದ.

ಯೆರೂಸಲೇಮಿನಲ್ಲಿ ಕೂತವನು ರಬ್ಬಕ್ಕೆ ಯಾವಾಗ ಹೋದ? ಉತ್ತರ 2 ಸಮುವೇಲದಲ್ಲಿದೆ. "ದಾವೀದ ಯೆರೂಸಲೇಮಿನಲ್ಲೇ ಉಳಿದ" ಎನ್ನುವುದು 11:1. ಅದಾದ ಮೇಲೆ ದಾವೀದ ಮಾಳಿಗೆಯಿಂದ ಬತ್ಷೆಬೆಯನ್ನು ಕಂಡು ಕೂಡಿದ್ದು, ಅವಳ ಗಂಡ ಊರೀಯನ ಕೊಲೆ, ಪ್ರವಾದಿ ನಾತಾನನ ಖಂಡನೆ, ಹುಟ್ಟಿದ ಮಗುವಿನ ಸಾವು. 12:26ರಲ್ಲಿ ಮತ್ತೆ ರಬ್ಬ. ಯೋವಾಬ ದೂತರನ್ನು ಕಳಿಸಿ "ನೀನೇ ಬಂದು ಪಟ್ಟಣ ಹಿಡಿ, ಇಲ್ಲದಿದ್ದರೆ ನನ್ನ ಹೆಸರು ಬರುತ್ತದೆ" ಅಂತ ಹೇಳಿಕಳಿಸುತ್ತಾನೆ, ದಾವೀದ ಹೋಗುತ್ತಾನೆ. ವೃತ್ತಾಂತಕಾರ ನಡುವಿನದನ್ನೆಲ್ಲ ಕತ್ತರಿಸುವ ಭರದಲ್ಲಿ ಈ ಪ್ರಯಾಣವನ್ನೂ ಕತ್ತರಿಸಿದ. ಪಾಪದ ಕಥೆಗೆ ಪೀಠಿಕೆಯಾಗಿದ್ದ "ಉಳಿದ" ಎಂಬ ಮಾತು ಮಾತ್ರ ಹಾಗೇ ಉಳಿದಿದೆ, ಕಿತ್ತ ಬಾಗಿಲಿನ ಚೌಕಟ್ಟಿನ ಹಾಗೆ.

ದಾವೀದನ ಮಗ ಅಬ್ಷಾಲೋಮನ ದಂಗೆ, ಇನ್ನೊಬ್ಬ ಮಗ ಅದೋನೀಯ ಸಿಂಹಾಸನ ಹಿಡಿಯಲು ಮಾಡಿದ ಪ್ರಯತ್ನ, ಸೊಲೊಮೋನನ ಅನ್ಯದೇವತೆಗಳು ಇವೂ ಇಲ್ಲ. ಇದನ್ನು ಸುಣ್ಣ ಅನ್ನದೆ ಇನ್ನೇನು ಅನ್ನುವುದು?

ಅಂಚುಬರಹ

ಸುಣ್ಣ ಬಳಿಯುವವನು ಗೋಡೆಯ ಎಲ್ಲ ಕಲೆಗೂ ಬಳಿಯುತ್ತಾನೆ. ಇವನು ಕೆಲವನ್ನು ಬಿಟ್ಟಿದ್ದಾನೆ, ಒಂದೆರಡನ್ನು ತಾನೇ ಗಾಢ ಮಾಡಿದ್ದಾನೆ. ಗಣತಿಯ ಪಾಪ ಉಳಿಸಿಕೊಂಡ, ಏಕೆಂದರೆ ಅದರ ಕೊನೆಗೆ ದೇವಾಲಯದ ನೆಲ ಸಿಗುತ್ತದೆ. ದಾವೀದ ಆಲಯ ಕಟ್ಟದೇ ಹೋದದ್ದಕ್ಕೆ 1 ಅರಸುಗಳು 5:3 ಯುದ್ಧಗಳ ಬಿಡುವಿಲ್ಲದಿಕೆಯ ಕಾರಣ ಕೊಡುತ್ತದೆ. 1 ಪೂ.ವೃ. 22:8 ಮತ್ತು 28:3 "ನೀನು ಬಹಳ ರಕ್ತ ಸುರಿಸಿದ್ದೀ" ಅನ್ನುತ್ತವೆ, ಮೂಲಕ್ಕಿಂತ ಕಠಿಣವಾಗಿ. ಓದುಗರಿಗೆ ಸಮುವೇಲ ಗೊತ್ತಿತ್ತು, ಬತ್ಷೆಬೆಯನ್ನು ಬಚ್ಚಿಡಲು ಆಗುತ್ತಿರಲಿಲ್ಲ. 3:5ರಲ್ಲಿ ಸೊಲೊಮೋನನ ತಾಯಿಯನ್ನು ಬತ್‌ಷೂವ (ಬತ್ಷೆಬೆಯ ಹೆಸರಿನ ಇನ್ನೊಂದು ರೂಪ) ಎಂದು ಅವನೇ ಹೆಸರಿಸಿದ್ದಾನೆ.

ಅವನಿಗೆ ದಾವೀದನ ಮನೆವಾರ್ತೆ ಬೇಡ. ದೇವಾಲಯ, ಲೇವಿಯರು, ಹಾಡುಗಾರರು, ಬಾಗಿಲು ಕಾಯುವವರು ಇವು ಬೇಕು. 2 ಸಮುವೇಲ 7:16ರಲ್ಲಿ ನಾತಾನ ದಾವೀದನಿಗೆ "ನಿನ್ನ ಮನೆಯೂ ನಿನ್ನ ರಾಜ್ಯವೂ" ಸ್ಥಿರ ಅನ್ನುತ್ತಾನೆ. 1 ಪೂ.ವೃ. 17:14ರಲ್ಲಿ ದೇವರು "ನನ್ನ ಮನೆಯಲ್ಲಿಯೂ ನನ್ನ ರಾಜ್ಯದಲ್ಲಿಯೂ" ದಾವೀದನ ಮಗನನ್ನು ನಿಲ್ಲಿಸುತ್ತೇನೆ ಅನ್ನುತ್ತಾನೆ. ಹೀಬ್ರೂದಲ್ಲಿ ಪ್ರತ್ಯಯದ ಒಂದೊಂದು ಅಕ್ಷರದ ಬದಲಾವಣೆ. ಪ್ರತಿಭೇದ ಅವರು ಕೇಳುವ ಮೊದಲೇ ಹೇಳುತ್ತೇನೆ: ಗ್ರೀಕ್ ಸಮುವೇಲದಲ್ಲಿ "ಅವನ ಮನೆ" ಇದೆ, ಆದ್ದರಿಂದ ಇದೊಂದರ ಮೇಲೆ ಭಾರ ಹಾಕಬಾರದು. ಆದರೆ 28:5ರಲ್ಲಿ "ಯೆಹೋವನ ರಾಜ್ಯದ ಸಿಂಹಾಸನ", 29:23ರಲ್ಲಿ ಸೊಲೊಮೋನ ಕೂತದ್ದು "ಯೆಹೋವನ ಸಿಂಹಾಸನ"ದ ಮೇಲೆ. ಮೂರು ಕಡೆ ಒಂದೇ ದಿಕ್ಕಿಗೆ ವಾಲಿದರೆ ಆಗ ಅದು ಇವನ ಕೈ.

ಹೊಸಓದು

ಪಂಪನ ನೆನಪಾಗುತ್ತದೆ. ಅರಿಕೇಸರಿಯನ್ನು ಅರ್ಜುನನ ಜೊತೆ ಸಮೀಕರಿಸಬೇಕಾದ್ದರಿಂದ ದ್ರೌಪದಿ ಅರ್ಜುನನೊಬ್ಬನ ಹೆಂಡತಿಯಾದಳು. ಉದ್ದೇಶ ಮೊದಲು, ಕತ್ತರಿ ಆಮೇಲೆ.

ಅಂಚುಬರಹ

ಕತ್ತರಿ ಹಿಡಿಯುವ ರೀತಿ ಹೋಲುತ್ತದೆ, ಆದರೆ ಪಂಪನ ಎದುರಿಗೆ ಸಿಂಹಾಸನದ ಮೇಲೆ ಅರಸ ಕೂತಿದ್ದ. ವೃತ್ತಾಂತಕಾರನ ಎದುರಿಗೆ ಅರಸನೇ ಇಲ್ಲ. ಯೆಹೂದ ಪಾರಸಿಯರ ಕೈಕೆಳಗಿನ ಒಂದು ಸಣ್ಣ ಪ್ರಾಂತ. 1 ಪೂ.ವೃ. 29:7ರಲ್ಲಿ ದಾವೀದನ ಕಾಲದ ಮುಖ್ಯಸ್ಥರು ದೇವಾಲಯಕ್ಕೆ 10,000 ದಾರಿಕ್ ಕೊಟ್ಟರು ಅಂತ ಬರೆದುಬಿಟ್ಟಿದ್ದಾನೆ. ದಾರಿಕ್ ಪಾರಸಿಯ ಚಿನ್ನದ ನಾಣ್ಯ, ಪಾರಸಿಯ ಅರಸ ದಾರ್ಯಾವೆಷನಿಗೆ ಮೊದಲು ಇರಲಿಲ್ಲ. ತನ್ನ ಕಾಲದ ನಾಣ್ಯ ಕೈಜಾರಿ ಪುಟದ ಮೇಲೆ ಬಿದ್ದಿದೆ. ಅರಸನಿಲ್ಲದ ಜನಕ್ಕೆ ಉಳಿದಿರುವುದು ದೇವಾಲಯ. ದಾವೀದ ಅದಕ್ಕೆ ಬೇಕಾದಷ್ಟೇ ಇಲ್ಲಿ ಬರುತ್ತಾನೆ.

ಮಸಿಕುಡಿಕೆ

ಮನಸ್ಸೆಯ ಪ್ರಸಂಗವನ್ನು ಯಾರೂ ಮುಟ್ಟಲಿಲ್ಲ. ಇಡೀ ಪುಸ್ತಕದ ಕೀಲಿ ಅಲ್ಲಿದೆ ಅಂತ ನನ್ನ ಅನಿಸಿಕೆ.

2 ಅರಸುಗಳು 21ರ ಮನಸ್ಸೆ ಯೆಹೂದದ ಅರಸರಲ್ಲೇ ಅತಿ ಕೆಟ್ಟವನು, ಆಳಿದ್ದು 55 ವರ್ಷ, ಎಲ್ಲರಿಗಿಂತ ಹೆಚ್ಚು. ಯೆಹೂದದ ನಾಶಕ್ಕೆ ಅವನ ಪಾಪವೇ ಕಾರಣ ಎಂದು 24:3 ನೇರವಾಗಿ ಹೇಳುತ್ತದೆ. ಮೊಮ್ಮಗ ಯೋಷೀಯ ಎಷ್ಟು ಸುಧಾರಣೆ ಮಾಡಿದರೂ ಕೋಪ ಇಳಿಯಲಿಲ್ಲ (23:26). 2 ಪೂ.ವೃ. 33ರಲ್ಲಿ ಅಶ್ಶೂರದ ಸೇನಾಪತಿಗಳು ಅವನಿಗೆ ಕೊಂಡಿ ಹಾಕಿ ಬಾಬೆಲಿಗೆ ಎಳೆದೊಯ್ಯುತ್ತಾರೆ, ಅಲ್ಲಿ ಅವನು ತಗ್ಗಿಸಿಕೊಂಡು ಮೊರೆಯಿಡುತ್ತಾನೆ, ದೇವರು ಕೇಳಿ ಯೆರೂಸಲೇಮಿಗೆ ತಿರುಗಿ ತರುತ್ತಾನೆ, ಅವನು ವಿಗ್ರಹಗಳನ್ನು ಊರ ಹೊರಗೆ ಎಸೆಯುತ್ತಾನೆ.

ಅಶ್ಶೂರದ ಶಾಸನಗಳಲ್ಲಿ ಮನಸ್ಸೆ ಇದ್ದಾನೆ. ನಿನೆವೆಯ ಅರಮನೆಗೆ ಮರಮುಟ್ಟು ಸಾಗಿಸಬೇಕಾಗಿ ಬಂದ 22 ಅರಸರ ಪಟ್ಟಿಯಲ್ಲಿ ಅಶ್ಶೂರದ ಅರಸ ಏಸರ್‌ಹದ್ದೋನ ಅವನನ್ನು ಹೆಸರಿಸುತ್ತಾನೆ. ಅಶ್ಶೂರ್‌ಬನಿಪಾಲನ ಪಟ್ಟಿಯಲ್ಲೂ ಇದ್ದಾನೆ. ಎರಡರಲ್ಲೂ ವಿಧೇಯ ಸಾಮಂತ, ಸೆರೆಯ ಮಾತಿಲ್ಲ. ಹೊಲಿಗೆ ಇಲ್ಲೂ ಕಾಣುತ್ತದೆ: 33:15ರಲ್ಲಿ ಹೊರಗೆಸೆದ ವಿಗ್ರಹಗಳಿಗೆ 33:22ರಲ್ಲಿ ಮಗ ಆಮೋನ ಬಲಿ ಕೊಡುತ್ತಾನೆ, "ತಂದೆ ಮನಸ್ಸೆ ಮಾಡಿಸಿದ್ದ" ವಿಗ್ರಹಗಳಿಗೇ. ಅರಸುಗಳಿಂದ ಎತ್ತಿಕೊಂಡ ಸಾಲನ್ನು ಹೊಸ ಕಥೆಗೆ ತಿದ್ದಿಲ್ಲ.

ಬಾಬೆಲ್, ಸೆರೆ, ತಗ್ಗಿಸಿಕೊಳ್ಳುವುದು, ಊರಿಗೆ ಮರಳುವುದು: ಒಬ್ಬ ಅರಸನ ಬಾಳಿನಲ್ಲಿ ಇಡೀ ಜನಾಂಗದ ಸೆರೆವಾಸವನ್ನು ಮಡಿಸಿಟ್ಟಿದ್ದಾನೆ. ನಾಶದ ಹೊಣೆಯನ್ನು ಮನಸ್ಸೆಯಿಂದ ಇಳಿಸಿ, 36:12-16ರಲ್ಲಿ ಯೆಹೂದದ ಕೊನೆಯ ಅರಸ ಚಿದ್ಕೀಯನ ಮೇಲೂ ಪ್ರವಾದಿಗಳನ್ನು ಗೇಲಿ ಮಾಡಿದ ಆ ಕಾಲದ ಜನರ ಮೇಲೂ ಹಾಕುತ್ತಾನೆ. ಅಜ್ಜನ ಸಾಲ ಮೊಮ್ಮಗ ತೀರಿಸಬೇಕಾಗಿಲ್ಲ, ಅವರವರ ತಲೆಮಾರಿನ ಲೆಕ್ಕ ಅವರವರಿಗೆ. ಇದಕ್ಕೆ ಅವನು ಪದೇಪದೇ ಬಳಸುವ ಮೂರು ಕ್ರಿಯಾಪದಗಳಿವೆ: "ಮಾಅಲ್" ಅಂದರೆ ದ್ರೋಹ ಬಗೆಯುವುದು, "ದರಷ್" ದೇವರನ್ನು ಅರಸುವುದು, "ನಿಖ್ನಾ" ತಗ್ಗಿಸಿಕೊಳ್ಳುವುದು. ಸಮಾನಾಂತರ ಪಾಠದಲ್ಲಿ ಇಲ್ಲದೆ ಪೂ.ವೃ.ದಲ್ಲಿ ಈ ಮೂರರಲ್ಲಿ ಒಂದು ಕಂಡರೆ ಅಲ್ಲಿ ಪೆನ್ಸಿಲ್ ಗುರುತು ಹಾಕಿ.

ಕಣದರಾಶಿ

ಸರಿ, ಸುಣ್ಣದ ಮಾತು ಅರ್ಧ ಹಿಂತೆಗೆದುಕೊಂಡೆ. ತಾವೇ ಹೋಲಿಸಿ ನೋಡುವವರಿಗೆ ಕೆಲಸದ ಕ್ರಮ ಇದು.

ಮೂರು ಕಂಬ ಎಳೆಯಿರಿ: ಹೀಬ್ರೂ ಸಮುವೇಲ ಅಥವಾ ಅರಸುಗಳು, ಅದರ ಗ್ರೀಕ್ ರೂಪ, ಪೂ.ವೃ. ಕುಮ್ರಾನ್ ತುಣುಕು ಸಿಗುವ ಕಡೆ ನಾಲ್ಕನೆಯದು. ಒಂದು ವಾಕ್ಯಕ್ಕೆ ಒಂದು ಅಡ್ಡಸಾಲು ಸಾಕು, ಇಡೀ ವಚನವನ್ನು ಒಂದೇ ಸಾಲಿಗೆ ತುರುಕಿದರೆ ಸಣ್ಣ ಬದಲಾವಣೆ ತಪ್ಪಿಹೋಗುತ್ತದೆ. ಬಿಟ್ಟದ್ದು, ಸೇರಿಸಿದ್ದು, ಬದಲಿಸಿದ್ದು, ಜಾಗ ಕದಲಿಸಿದ್ದು, ನಾಲ್ಕಕ್ಕೆ ನಾಲ್ಕು ಬಣ್ಣ. ಕದಲಿಸಿದ್ದಕ್ಕೆ ಬಣ್ಣ ಕೊಡುವುದನ್ನು ಬಹಳ ಜನ ಮರೆಯುತ್ತಾರೆ, ಗಣತಿ ಕಥೆಯಲ್ಲಿ ಅದೇ ಮುಖ್ಯ.

ಆಮೇಲೆ ಬಣ್ಣ ಬಿದ್ದ ಒಂದೊಂದನ್ನೂ ಜರಡಿ ಹಿಡಿಯಿರಿ. ಗ್ರೀಕ್ ಅಥವಾ ಕುಮ್ರಾನ್ ಪೂ.ವೃ.ದ ಕಡೆ ನಿಂತರೆ ಪಕ್ಕಕ್ಕಿಡಿ. ಅಕ್ಷರ ಜಾರಿದ ಲಕ್ಷಣ ಇದ್ದರೂ ಪಕ್ಕಕ್ಕಿಡಿ. 2 ಸಮುವೇಲ 21:19ರಲ್ಲಿ ಬೇತ್ಲೆಹೇಮಿನ ಎಲ್ಹಾನಾನ ಗೊಲ್ಯಾತನನ್ನು ಕೊಂದ ಅಂತಿದೆ, 1 ಪೂ.ವೃ. 20:5ರಲ್ಲಿ ಗೊಲ್ಯಾತನ ತಮ್ಮ ಲಹ್ಮೀಯನ್ನು. "ಬೇತ್ ಹಲ್ಲಹ್ಮೀ" (ಬೇತ್ಲೆಹೇಮಿನವನು) ಮತ್ತು "ಎತ್ ಲಹ್ಮೀ" (ಲಹ್ಮೀಯನ್ನು) ಎಷ್ಟು ಹತ್ತಿರ ನೋಡಿ. ಇಲ್ಲಿ ಮಾತ್ರ ಜರಡಿ ಪೂರ್ತಿ ಕೆಲಸ ಮಾಡುವುದಿಲ್ಲ. ಗೊಲ್ಯಾತನನ್ನು ಕೊಂದ ದಾವೀದನ ಗೆಲುವನ್ನು ಉಳಿಸುವ ಉದ್ದೇಶವೂ ಅಕ್ಷರದ ಜಾರುವಿಕೆಯೂ ಒಂದೇ ಕಡೆ ಸೇರಿಕೊಂಡಿವೆ. ಇಂಥದ್ದಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ. ಜರಡಿಯಲ್ಲಿ ಉಳಿದದ್ದು ಪುಸ್ತಕದ ಬೇರೆ ಎರಡು ಕಡೆಯಲ್ಲಾದರೂ ಅದೇ ಬಗೆಯಲ್ಲಿ ಬಂದರೆ ಆಗ ಉದ್ದೇಶದ ಮಾತು ಎತ್ತಬಹುದು.

ಪ್ರತಿಭೇದ

ಒಂದು ಎಚ್ಚರ: ಈ ಜರಡಿ ಯೋಬೆಲ್‌ಗಳ ಪುಸ್ತಕಕ್ಕೋ ಯೆಹೂದಿ ಇತಿಹಾಸಕಾರ ಯೋಸೇಫನಿಗೋ (ಜೋಸೆಫಸ್) ಹಾಗೇ ನಡೆಯುವುದಿಲ್ಲ. ಅಲ್ಲಿ ಮೂಲವನ್ನು ಸಾಲಾಗಿ ಇಳಿಸಿಕೊಳ್ಳುವುದಿಲ್ಲ, ಇಡೀ ಕಥೆಯನ್ನೇ ಹೊಸದಾಗಿ ಹೇಳುತ್ತಾರೆ. ಯೋಬೆಲ್‌ಗಳಲ್ಲಿ ಕಾಲಗಣನೆಯೇ ದೇವತಾಶಾಸ್ತ್ರ. ಒಂದು ಯೋಬೆಲ್ ಅಂದರೆ 49 ವರ್ಷ. ಆದಾಮನಿಂದ 49 ಯೋಬೆಲ್, ಒಂದು ವರ್ಷವಾರ (7 ವರ್ಷ), ಎರಡು ವರ್ಷ ಆಗಿದೆ ಅಂತ ಕೊನೆಯ ಅಧ್ಯಾಯ ಲೆಕ್ಕ ಕೊಡುತ್ತದೆ: 2401, 7, 2, ಒಟ್ಟು 2410. ಅರಣ್ಯದ 40 ವರ್ಷ ಕೂಡಿಸಿ, 2450. ಅದು ಸರಿಯಾಗಿ 50 ಯೋಬೆಲ್. ಯಾಜಕಕಾಂಡ 25ರ ಪ್ರಕಾರ 50ನೇ ವರ್ಷ ದಾಸನಿಗೆ ಬಿಡುಗಡೆ, ಪಿತ್ರಾರ್ಜಿತ ಭೂಮಿ ವಾಪಸ್. ಇಲ್ಲಿ ಇಡೀ ಜನಾಂಗಕ್ಕೆ 50ನೇ ಯೋಬೆಲ್‌ನಲ್ಲಿ ಎರಡೂ ಸಿಗುತ್ತವೆ. ಕಾನಾನ್ ಪ್ರವೇಶ ದಾಳಿಯಲ್ಲ, ಸ್ವಂತ ಜಮೀನಿಗೆ ಮರಳುವುದು.

ಯೋಸೇಫ ಕ್ರಿ.ಶ. 93-94ರಲ್ಲಿ 20 ಸಂಪುಟಗಳ ಯೆಹೂದಿ ಇತಿಹಾಸವನ್ನು ಗ್ರೀಕ್ ಓದುಗರಿಗೆ ಬರೆದು ಮುಗಿಸಿದ. ಏನನ್ನೂ ಸೇರಿಸುವುದಿಲ್ಲ, ಬಿಡುವುದಿಲ್ಲ ಅಂತ ಪೀಠಿಕೆಯಲ್ಲಿ ಮಾತು ಕೊಟ್ಟು, ಅರಣ್ಯದಲ್ಲಿ ಇಸ್ರಾಯೇಲ್ಯರು ಚಿನ್ನದ ಕರುವನ್ನು ಪೂಜಿಸಿದ ಪ್ರಸಂಗವನ್ನು ಪೂರ್ತಿ ಬಿಟ್ಟ. ಯೆಹೂದಿಗಳು ಕತ್ತೆಯ ತಲೆ ಪೂಜಿಸುತ್ತಾರೆ ಎಂಬ ಅಪಪ್ರಚಾರಕ್ಕೆ ಬೇರೆ ಗ್ರಂಥದಲ್ಲಿ ಅವನೇ ಉತ್ತರ ಬರೆಯಬೇಕಾಗಿತ್ತು. ಅಂಥವರ ಕೈಗೆ ಕರುವನ್ನು ಏಕೆ ಕೊಡಲಿ ಅಂದುಕೊಂಡಿರಬೇಕು.

ಹೊಸಓದು

ಅಭ್ಯಾಸಕ್ಕೆ ಒಂದು ಚಿಕ್ಕ ತುಣುಕು ಹೇಳಿ. ಒಂದು ಸಂಜೆಯಲ್ಲಿ ಮುಗಿಯುವಂಥದ್ದು.

ಅಂಚುಬರಹ

ಯೆಹೂದದ ಅರಸ ಯೆಹೋಷಾಫಾಟನ ಹಡಗುಗಳು. 1 ಅರಸುಗಳು 22:48-49ರಲ್ಲಿ ಅವನ ಹಡಗುಗಳು ಎಚ್ಯೋನ್‌ಗೆಬೆರಿನಲ್ಲಿ ಒಡೆದುಹೋಗುತ್ತವೆ. ಇಸ್ರಾಯೇಲಿನ ಅರಸ ಅಹಜ್ಯ ತನ್ನ ಆಳುಗಳನ್ನೂ ಜೊತೆಗೆ ಕಳಿಸುತ್ತೇನೆ ಅಂದಾಗ ಯೆಹೋಷಾಫಾಟ ಒಪ್ಪುವುದಿಲ್ಲ. 2 ಪೂ.ವೃ. 20:35-37ರಲ್ಲಿ ಅವನು ಅಹಜ್ಯನ ಜೊತೆ ಸೇರಿಯೇ ಹಡಗು ಕಟ್ಟುತ್ತಾನೆ, ಒಬ್ಬ ಪ್ರವಾದಿ ಬಂದು ಬೈಯುತ್ತಾನೆ, ಅದಕ್ಕೇ ಹಡಗು ಒಡೆಯುತ್ತವೆ. ಯೆಹೂದದ ಇನ್ನಿಬ್ಬರು ಅರಸರಾದ ಆಸನ ಕಾಲುಬೇನೆ (16:7-12) ಮತ್ತು ಉಜ್ಜೀಯನ ಕುಷ್ಠವನ್ನು (26:16-21) ಪಕ್ಕದಲ್ಲಿಟ್ಟುಕೊಳ್ಳಿ. ಅರಸುಗಳಲ್ಲಿ ಕಾರಣ ಕೊಡದ ಮೂರು ಕೆಡುಕುಗಳಿಗೆ ಇಲ್ಲಿ ಮೂರು ಕಾರಣಗಳಿವೆ.

ಹೀಬ್ರೂ ಮುದ್ರಣ ತೆರೆಯುವುದಾದರೆ ಮೊದಲ ಭಾಗ 22:49-50 ಆಗಿರುತ್ತದೆ, ಆ ಅಧ್ಯಾಯದಲ್ಲಿ ವಚನಸಂಖ್ಯೆ ಒಂದು ಮುಂದಿದೆ. ಸಿಗಲಿಲ್ಲ ಅಂತ ಗಾಬರಿಯಾಗಬೇಡಿ.